ಕಡಲಸೊಪ್ಪಿನ ಸಾರು

ಕೊನೆಯ ಪ್ರಶ್ನೆಗೆ ಗುರುತು ಹಾಕಿದ್ದು ಅತ್ತೆ ಮಲ್ಸುನ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೇಗೂ ಆಮೇಲೆ ಆಕೆಯೇ ಮಾರುಕಟ್ಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದಳು.

ಸೊಸೆ ಬೊರಾಮ್‌ಗೆ ಆಗ ಐದು ತಿಂಗಳು. ಆರೋಗ್ಯ ಕೇಂದ್ರದ ನರ್ಸು ಒಂದು ಹಾಳೆ ಕೊಟ್ಟು, "ಮನಸ್ಸಿಗೆ ಹೇಗಿದೆ ಅಂತ ಸುಮ್ನೆ ಗುರುತು ಹಾಕಿ, ಒಬ್ಬರೇ ಕೂತು ಹಾಕಿ" ಎಂದು ಹೇಳಿ ಇನ್ನೊಬ್ಬರ ಕಡೆ ಹೋದಳು. ಒಬ್ಬಳೇ ಕೂರಲು ಮಲ್ಸುನ್ ಬಿಟ್ಟರೆ ತಾನೇ? ಕನ್ನಡಕ ಏರಿಸಿಕೊಂಡು ಪಕ್ಕಕ್ಕೇ ಒತ್ತಿ ಕುಳಿತಳು. ಒಂಬತ್ತು ಪ್ರಶ್ನೆ ದಾಟಿದ ಬೊರಾಮ್‌ಳ ಪೆನ್ನು ಹತ್ತನೆಯದರ ಮೇಲೆ ನಿಂತೇಬಿಟ್ಟಿತು. ನಿಮ್ಮನ್ನು ನೀವೇ ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿದೆಯೇ ಎಂದು ಕೇಳಿತ್ತು ಆ ಹಾಳೆ.

"ಥೂ, ಬಸುರಿಗೆ ಓದಿಸೋ ಮಾತಾ ಇದು! ಯಾವ ಪುಣ್ಯಾತ್ಮ ಬರೆದನೋ. ಕೊಡಿಲ್ಲಿ" ಎಂದು ಮಲ್ಸುನ್ ಪೆನ್ನು ಕಿತ್ತುಕೊಂಡು 'ಎಂದೂ ಇಲ್ಲ' ಎನ್ನುವ ಕಡೆ ದಪ್ಪಗೆ ಗೀಚಿದಳು. "ಅಂಥದ್ದನ್ನ ನೋಡ್ಬೇಡ. ಕಿಟಕಿ ಹೊರಗೆ ನೋಡು, ಮರದಲ್ಲಿ ಹಣ್ಣು ಎಷ್ಟು ಕೆಂಪಗಿದೆ."

"ಹೌದು ಅತ್ತೆ" ಎಂದು ಬೊರಾಮ್ ಕಿಟಕಿಯ ಹೊರಗೆ ನೋಡಿದಳು.

ಮಲ್ಸುನ್ ಕೆಟ್ಟವಳಲ್ಲ. ಕಡಲತೀರದ ಗುನ್ಸಾನ್ ಊರಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷದಿಂದ ಪಲ್ಯ, ಉಪ್ಪಿನಕಾಯಿ, ಒಗ್ಗರಿಸಿದ ಮೀನು ಮಾರಿ, ಗಂಡ ಹೋದ ಮೇಲೆ ಒಬ್ಬಳೇ ಮಗನನ್ನು ಸಾಕಿ, ಅತ್ತೆಯನ್ನೂ ನೋಡಿಕೊಂಡವಳು. ಆಕೆಯ ಬಾಯಿಗೆ ಹೆದರದ ಮೀನುಗಾರನಿಲ್ಲ. ಅಂಥವಳು ಸೊಸೆ ಬಸುರಿಯಾದಳೆಂದು ಗೊತ್ತಾದ ದಿನದಿಂದ ಮನೆಯಲ್ಲಿ ಪಿಸುಮಾತಿನಲ್ಲೇ ಮಾತಾಡುತ್ತಿದ್ದಳು. ತಾಯಿ ಕಂಡದ್ದು, ಕೇಳಿದ್ದು, ನೆನೆದದ್ದು ಎಲ್ಲ ಹೊಟ್ಟೆಯಲ್ಲಿರುವ ಮಗುವಿಗೆ ಪಾಠ ಎಂದು ಆಕೆಯ ತಾಯಿ ಹೇಳಿದ್ದಳು, ತಾಯಿಯ ತಾಯಿಯೂ ಹೇಳಿದ್ದಳು. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಯಲ್ಲಿ ನಿಯಮಗಳನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಟೀವಿಯಲ್ಲಿ ವಾರ್ತೆ ಹಾಕಬಾರದು. ಏಡಿ ತರಬಾರದು. ಬಿರುಕು ಬಿಟ್ಟ ಬಟ್ಟಲಲ್ಲಿ ಬಡಿಸಬಾರದು. ಸಾವಿನ ಮನೆಗೆ ಹೋಗಬಾರದು. ಯಾರೂ ದನಿ ಏರಿಸಬಾರದು. ಎಲ್ಲಕ್ಕಿಂತ ಕೆಳಗೆ, ಎರಡು ಗೆರೆ ಎಳೆದು: ಕೆಟ್ಟದ್ದನ್ನು ಆಡಬಾರದು, ನೆನೆಯಬಾರದು.

ಮಗ ಇಂಜೆ ಸಿಟಿ ಬಸ್ಸಿನ ಡ್ರೈವರ್. ದಿನವಿಡೀ ಸ್ಕೂಟರಿನವರನ್ನು ಬೈದು ರೂಢಿಯಾದ ಬಾಯಿ. ಈಗ ಮೆಟ್ಟಿಲ ಮೇಲೆ ನಿಂತು, ಬಾಕಿ ಬೈಗುಳವನ್ನೆಲ್ಲ ಗೋಡೆಗೆ ಹೇಳಿ ಮುಗಿಸಿ, ನಗುಮುಖ ಹೊತ್ತು ಒಳಗೆ ಬರುತ್ತಿದ್ದ. ಬಂದವನೇ ಹೆಂಡತಿಯ ಹೊಟ್ಟೆಯ ಬಳಿ ಬಗ್ಗಿ, "ಕಾಳು, ಅಪ್ಪ ಬಂದ ನೋಡು" ಎನ್ನುತ್ತಿದ್ದ. ಮೊದಲ ಸ್ಕ್ಯಾನಿನಲ್ಲಿ ಹುರುಳಿಕಾಳಿನಷ್ಟು ಕಂಡಿತ್ತೆಂದು ಎಲ್ಲರೂ ಮಗುವನ್ನು ಕಾಳು ಅಂತಲೇ ಕರೆಯುತ್ತಿದ್ದರು.

ಮಲ್ಸುನ್‌ಳ ಅತ್ತೆ, ಎಂಬತ್ತೆಂಟು ದಾಟಿದ ಅಜ್ಜಿ ಒಕ್ಬುನ್‌ಗೆ ಮಾತ್ರ ಈ ನಿಯಮಗಳು ಒಗ್ಗಲಿಲ್ಲ.

"ಏ ಇಂಜೆ ಅಮ್ಮಾ, ನಿನ್ನ ಗಂಡ ಹೊಟ್ಟೇಲಿದ್ದಾಗ ನಾನು ದಿನಾ ನೂರು ಮೀನು ಕೊಯ್ತಿದ್ದೆ. ಅವನೇನು ಕಿವಿರು ಇಟ್ಕೊಂಡು ಹುಟ್ಟಿದ್ನಾ?"

"ಸ್ವಲ್ಪ ಮೆತ್ತಗೆ ಅತ್ತೆ."

"ಆ ಹುಡುಗಿ ನಗ್ತಾ ನಗ್ತಾ ಸೊರಗ್ತಾ ಇದಾಳೆ. ಅವಳ ಅನ್ನದ ಬಟ್ಟಲು ನೋಡಿದ್ಯಾ?"

"ಅಯ್ಯೋ, ಅಂಥ ಮಾತು ಆಡ್ಬೇಡಿ ಅಂದ್ನಲ್ಲ!"

ಬೊರಾಮ್ ಮೊದಲು ಶಿಶುವಿಹಾರದಲ್ಲಿ ಟೀಚರ್ ಆಗಿದ್ದವಳು. ಇಪ್ಪತ್ತು ಮಕ್ಕಳ ಗದ್ದಲದಲ್ಲೂ ದನಿ ಕೇಳಿಸುವ ಹುಡುಗಿ. ಈಗ ಆ ದನಿಗೆ ಬರುತ್ತಿದ್ದುದು ಮೂರೇ ಮಾತು: ಹೌದು ಅತ್ತೆ, ಆಯ್ತು ಅತ್ತೆ, ಸಾಕು ಅತ್ತೆ. ಒಮ್ಮೆ ಪಾತ್ರೆ ತೊಳೆಯುವಾಗ ನಲ್ಲಿ ನಿಲ್ಲಿಸಿ, "ಅತ್ತೆ, ನಂಗೆ ಒಂದೊಂದ್ಸಲ ಏನನ್ನಿಸುತ್ತೆ ಅಂದ್ರೆ…" ಎಂದು ಶುರುಮಾಡಿದ್ದಳು. ಅವಳ ಮುಖ ನೋಡಿದ ಕೂಡಲೇ ಒಳ್ಳೆಯ ಮಾತಲ್ಲವೆಂದು ಮಲ್ಸುನ್‌ಗೆ ತಿಳಿಯಿತು. "ಶ್! ಕಾಳು ಕೇಳಿಸ್ಕೊಳುತ್ತೆ" ಎಂದು ಬಾಯಿಯ ಮೇಲೆ ಬೆರಳಿಟ್ಟಳು. ಬೊರಾಮ್ ಮತ್ತೆ ನಲ್ಲಿ ತಿರುಗಿಸಿದಳು. ಗಂಡನ ಹತ್ತಿರವೂ ಹೇಳಲು ಹೋಗಿದ್ದಳಂತೆ. "ಹಾಗೆಲ್ಲ ಯೋಚ್ನೆ ಮಾಡ್ಬೇಡ, ಆಯ್ತಾ?" ಎಂದು ಅವನು ತಲೆ ಸವರಿ ಮಲಗಿದ್ದ.

ಅವಳು ಬಾಯಿ ಬಿಡದಿದ್ದರೂ ಬರೆಯುತ್ತಿದ್ದಳು. ಕಾಳಿಗೆ ದಿನಕ್ಕೊಂದು ಪತ್ರ ಬರೆಯಬೇಕೆಂದು ಮಲ್ಸುನ್ ತಂದುಕೊಟ್ಟಿದ್ದ ದಪ್ಪ ನೋಟುಪುಸ್ತಕ ಡಿಸೆಂಬರಿನ ಹೊತ್ತಿಗೆ ಮುಕ್ಕಾಲು ತುಂಬಿತ್ತು. ಹೂವು ಪೋಣಿಸಿದಂಥ ಅಕ್ಷರ. ಬೊರಾಮ್ ಸ್ನಾನಕ್ಕೆ ಹೋಗಿದ್ದಾಗ ಮಲ್ಸುನ್ ಅದನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಒಯ್ದಳು. ಎದುರಿನ ಒಣಮೀನಿನ ಅಂಗಡಿಯವಳು ತನ್ನ ಸೊಸೆ ಬಸುರಿಯಿದ್ದಾಗ ಪಿಯಾನೋ ಕಲಿತಳೆಂದು ಎರಡು ವರ್ಷದಿಂದ ಮೆರೆಯುತ್ತಿದ್ದಳು. ಅವಳ ಮೂಗಿನ ಮುಂದೆ ಹಿಡಿಯದೆ ಬಿಡುವುದುಂಟೇ?

ಹಿಡಿದಾಯಿತು, ಮೆರೆದಾಯಿತು. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿ ಕೇಳಿದಳು, "ನಂಗೂ ಓದು. ನಂಗೆ ಅಕ್ಷರ ಬರಲ್ಲ ಅಂತ ಬಿಟ್ಬಿಡ್ತೀಯಾ?"

ಮಲ್ಸುನ್ ಓದಿದಳು. ಮೊದಲ ಹಿಮ ಬಿದ್ದದ್ದು, ಹಣ್ಣು ಮಾಗಿದ್ದು. ಹಾಳೆ ತಿರುವಿದಂತೆ ದಿನಗಳು ಮುಂದಕ್ಕೆ ಓಡಿದವು. ನೀನು ಹುಟ್ಟಿ ನೂರನೆಯ ದಿನ. ನಿನ್ನ ಮೊದಲ ಹುಟ್ಟುಹಬ್ಬ. ನೀನು ಶಾಲೆಗೆ ಸೇರುವ ದಿನ.

"ನೋಡಿದ್ರಾ ಅತ್ತೆ! ಇಪ್ಪತ್ತು ವರ್ಷದವರೆಗೂ ಬರೆದಿಟ್ಟಿದಾಳೆ. ಎಂಥ ಮುಂದಾಲೋಚನೆ! ಕೇಳಿ ಇಲ್ಲಿ: ಕಾಳು, ಇವತ್ತು ನಿನಗೆ ಏಳು ವರ್ಷ. ಅಜ್ಜಿಯ ಕೈಯ ಕಡಲಸೊಪ್ಪಿನ ಸಾರು ರುಚಿಯಾಗಿತ್ತಾ? ಅಜ್ಜಿಗೆ ಮಂಡಿನೋವು, ಹಟ ಮಾಡಬೇಡ. ಅಪ್ಪ ಸಿಡುಕಿದರೆ ಬೇಜಾರು ಮಾಡಿಕೊಳ್ಳಬೇಡ, ಅವರು ಒಬ್ಬರೇ…"

ಆ ಊರಲ್ಲಿ ಹುಟ್ಟುಹಬ್ಬದ ಬೆಳಿಗ್ಗೆ ಕಡಲಸೊಪ್ಪಿನ ಸಾರು ಕುಡಿಯದವರಿಲ್ಲ. ಬೆಳ್ಳುಳ್ಳಿ ಸುಲಿಯುತ್ತಿದ್ದ ಒಕ್ಬುನ್ ಅಜ್ಜಿಯ ಕೈ ನಿಂತಿತು. "ಸಾರು ಯಾರು ಮಾಡಿದ್ದು?"

"ನಾನು. ನನ್ನ ಕೈರುಚಿ ಅಂದ್ರೆ ಅವಳಿಗೆ ಮೊದಲಿಂದ್ಲೂ…"

"ಹಿಂದಿನ ಹುಟ್ಟುಹಬ್ಬಕ್ಕೆ?"

ಮಲ್ಸುನ್ ಹಿಂದಿನ ಹಾಳೆ ನೋಡಿದಳು. "ಅದಕ್ಕೂ ನಾನೇ."

"ಹತ್ತನೇದಕ್ಕೆ?"

ಹತ್ತನೆಯದಕ್ಕೂ ಅಜ್ಜಿ. ಹದಿನೈದನೆಯದಕ್ಕೂ ಅಜ್ಜಿ. ಇಪ್ಪತ್ತರ ಹಾಳೆಯಲ್ಲಿ, ಅಜ್ಜಿ ಇನ್ನೂ ಇದ್ದರೆ ಅಜ್ಜಿ, ಇಲ್ಲದಿದ್ದರೆ ಅಪ್ಪ ಎಂದಿತ್ತು.

"ಹೆತ್ತವಳು ಇರೋವಾಗ ಮಗುವಿನ ಹುಟ್ಟುಹಬ್ಬದ ಸಾರಿಗೆ ಬೇರೆಯವರು ಯಾಕೆ ಕೈ ಹಾಕ್ತಾರೆ?" ಒಕ್ಬುನ್ ಅಜ್ಜಿಯ ದನಿ ಮೆತ್ತಗಿತ್ತು. "ಏ ಇಂಜೆ ಅಮ್ಮಾ, ಆ ಹುಡುಗಿ ಅಷ್ಟೊತ್ತಿಗೆ ಎಲ್ಲಿಗೆ ಹೋಗಿರ್ತಾಳಂತೆ?"

ಮಲ್ಸುನ್ ಅಂಗಡಿಯ ಬಾಗಿಲು ಎಳೆಯಲಿಲ್ಲ, ಏಪ್ರನ್ ಬಿಚ್ಚಲಿಲ್ಲ. ರಬ್ಬರ್ ಬೂಟಿನಲ್ಲೇ ಮಾರುಕಟ್ಟೆಯ ಉದ್ದಕ್ಕೂ ಓಡಿದಳು. ಮಂಡಿನೋವು ಎಲ್ಲಿ ಹೋಗಿತ್ತೋ.

ಮನೆಯಲ್ಲಿ ಬೊರಾಮ್ ನೆಲದ ಮೇಲೆ ಕುಳಿತು ಮಗುವಿನ ಅಂಗಿಗಳನ್ನು ಮಡಚುತ್ತಿದ್ದಳು. ಅಳತೆಯ ಪ್ರಕಾರ ಕಟ್ಟು ಕಟ್ಟಿ, ಪ್ರತಿ ಕಟ್ಟಿನ ಮೇಲೂ ಚೀಟಿ: ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ. ಬೂಟು ಹಾಕಿಕೊಂಡೇ ಒಳಗೆ ಬಂದ ಅತ್ತೆಯನ್ನು ಕಂಡು ಅವಳು ಗಾಬರಿಯಾದಳು. ಆ ಮನೆಯಲ್ಲಿ ಯಾರೂ ಮಾಡದ ಕೆಲಸ ಅದು.

ಮಲ್ಸುನ್ ಅವಳ ಮುಂದೆ ಕುಸಿದು ಕುಳಿತು ನೋಟುಪುಸ್ತಕ ನೆಲದ ಮೇಲಿಟ್ಟಳು. ಹೇಗೆ ಕೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಸುತ್ತಿಬಳಸಿ ಕೇಳುವುದು ಆಕೆಗೆ ಹುಟ್ಟಿನಿಂದಲೇ ಬಾರದು.

"ಬೊರಾಮ್, ಸತ್ತುಹೋಗ್ಬೇಕು ಅನ್ನಿಸ್ತಾ ಇದ್ಯಾ ನಿಂಗೆ?"

ಬೊರಾಮ್ ಎರಡೂ ಕೈಯನ್ನು ಹೊಟ್ಟೆಯ ಮೇಲೆ ಅಡ್ಡ ಹಿಡಿದಳು. "ಅತ್ತೆ, ಕಾಳು ಕೇಳಿಸ್ಕೊಳುತ್ತೆ."

"ಕೇಳಿಸ್ಕೊಳ್ಲಿ! ಅದರ ಅಮ್ಮನ ವಿಷಯ. ಅದಕ್ಕೂ ಗೊತ್ತಾಗ್ಲಿ. ನೀನು ಹೇಳು."

ಅವಳು ಒಂದು ಪುಟ್ಟ ಅಂಗಿಯ ದಾರ ಎಳೆದಳು. ಆಮೇಲೆ ಪಾಠ ಒಪ್ಪಿಸುವವಳಂತೆ ಹೇಳಿದಳು. "ಮಗು ಹುಟ್ಟೋವರೆಗೂ ಏನೂ ಮಾಡ್ಕೊಳಲ್ಲ ಅತ್ತೆ. ಅಷ್ಟು ಪಾಪಿ ಅಲ್ಲ ನಾನು. ಅದಾದ್ಮೇಲೆ… ನಾನಿಲ್ದೆ ಇದ್ರೆ ಎಲ್ರಿಗೂ ಹಗುರ ಅನ್ನಿಸುತ್ತೆ. ಬೆಳಿಗ್ಗೆ ಎದ್ದ ತಕ್ಷಣ ಅದೇ ಬರುತ್ತೆ. ಒಳ್ಳೇದು ಯೋಚ್ನೆ ಮಾಡು ಅಂತೀರಲ್ಲ, ಮಾಡೋಕೆ ಹೋಗ್ತೀನಿ, ಬರೋದೇ ಇಲ್ಲ. ಈ ಮನಸ್ಸೆಲ್ಲ ಮಗೂಗೆ ಇಳೀತಾ ಇದೆ ಅಂತ ಇನ್ನೂ ಭಯ ಆಗುತ್ತೆ."

"ಏನು ಕಮ್ಮಿಯಾಗಿದೆ ಮಗಳೇ ನಿಂಗೆ? ಇಂಜೆ ಏನಾದ್ರೂ ಅಂದ್ನಾ? ನಾನು ಏನಾದ್ರೂ…"

"ಏನೂ ಕಮ್ಮಿಯಾಗಿಲ್ಲ. ಎಲ್ರೂ ಒಳ್ಳೆಯವ್ರೇ. ಅದಕ್ಕೇ ನಂಗೂ ಅರ್ಥ ಆಗ್ತಿಲ್ಲ."

"ಆವತ್ತು ಆ ಹಾಳೇಲಿ ಹೇಳ್ಬಾರ್ದಾಗಿತ್ತಾ?"

"ನೀವೇ ಗುರುತು ಹಾಕಿದ್ರಲ್ಲ ಅತ್ತೆ."

ಆ ಮಾತಿನಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ಮಲ್ಸುನ್ ತಡೆದುಕೊಳ್ಳುತ್ತಿದ್ದಳು. ಗಂಡನನ್ನು ಮಣ್ಣು ಮಾಡಿದ ದಿನವೂ ಗಿರಾಕಿಗಳ ಮುಂದೆ ಅಳದ ಹೆಂಗಸು ಈಗ ಸೊಸೆಯ ಮಡಿಲಿಗೆ ತಲೆಯಿಟ್ಟು ಹೋ ಎಂದು ಅತ್ತಳು. ಬೊರಾಮ್ ಆಕೆಯ ಬೆನ್ನು ಸವರಿದಳು. ಸವರುತ್ತ ಸವರುತ್ತ ಅವಳೂ ಅತ್ತಳು, ಮೂರು ತಿಂಗಳಲ್ಲಿ ಮೊದಲ ಸಲ.

ಅತ್ತದ್ದಾದ ಮೇಲೆ ಮಲ್ಸುನ್ ಮೂಗು ಒರೆಸಿಕೊಂಡು ಎದ್ದಳು. "ಕೋಟು ಹಾಕ್ಕೋ. ನಡಿ."

ಆರೋಗ್ಯ ಕೇಂದ್ರದಲ್ಲಿ ಅದೇ ನರ್ಸು ಇದ್ದಳು. ಮಲ್ಸುನ್ ಅವಳ ಮೇಜಿಗೆ ಎರಡೂ ಕೈ ಊರಿದಳು. "ಮೂರು ತಿಂಗಳ ಹಿಂದೆ ಒಂದು ಹಾಳೆ ತುಂಬಿಸಿದ್ರಿ. ಅದು ವಾಪಸ್ ಕೊಡಿ. ಕೊನೇ ಪ್ರಶ್ನೆಗೆ ಗುರುತು ಹಾಕಿದ್ದು ನಾನು. ತಪ್ಪು ಹಾಕಿದೀನಿ."

ನರ್ಸು ಒಮ್ಮೆ ಬೊರಾಮ್‌ಳ ಮುಖ ನೋಡಿದಳು. ಹಳೆಯ ಹಾಳೆ ಹುಡುಕಲು ಹೋಗಲಿಲ್ಲ, ಹೊಸದು ತೆಗೆದಳು. "ಅಮ್ಮಾ, ನೀವು ಹೊರಗೆ ಕೂತಿರ್ತೀರಾ?"

"ಕೂತಿರ್ತೀನಿ. ಎಷ್ಟೊತ್ತಾದ್ರೂ ಕೂತಿರ್ತೀನಿ" ಎಂದು ಮಲ್ಸುನ್ ಹೊರಗಿನ ಬೆಂಚಿನ ಮೇಲೆ ಏಪ್ರನ್ನಿನಲ್ಲೇ ಕುಳಿತಳು. ಹೋಗಿಬರುವವರಿಗೆಲ್ಲ ಎಳ್ಳೆಣ್ಣೆಯ ವಾಸನೆ ಹೊಡೆಯುತ್ತಿತ್ತು.

ಅದೇ ಸಂಜೆ ದೊಡ್ಡಾಸ್ಪತ್ರೆಯ ಮನೋವೈದ್ಯೆ ನೋಡಿದರು. ಇದು ಗುಣದ ದೋಷವಲ್ಲ, ಕಾಯಿಲೆ. ಬಸುರಿನಲ್ಲಿ ಎಷ್ಟೋ ಜನರಿಗೆ ಬರುತ್ತದೆ, ವಾಸಿಯಾಗುತ್ತದೆ ಎಂದರು. ಬಸುರಿಗೆ ಹೊಂದುವ ಮಾತ್ರೆ ಇದೆ, ವಾರಕ್ಕೊಮ್ಮೆ ಬಂದು ಮಾತಾಡಬೇಕು, ಸದ್ಯಕ್ಕೆ ಅವಳನ್ನು ಒಬ್ಬಳೇ ಬಿಡಬೇಡಿ ಎಂದರು. "ಆ ಯೋಚನೆ ಬಂದಾಗ ಯಾರಿಗಾದರೂ ಬಾಯಿಬಿಟ್ಟು ಹೇಳಿ. ಹೇಳೋದರಿಂದ ಮಗುವಿಗೆ ಏನೂ ಆಗಲ್ಲ" ಎಂದೂ ಸೇರಿಸಿದರು. ಕೊನೆಯ ಮಾತಿಗೆ ಮಲ್ಸುನ್ ತಲೆ ತಗ್ಗಿಸಿದಳು.

ಇಂಜೆಗೆ ಊಟದ ಹೊತ್ತಿಗೆ ವಿಷಯ ತಿಳಿಯಿತು. ಅವನು ಹೆದರಿದ, ಹೆದರಿದ ಗಂಡಸರು ಮಾಡುವ ಹಾಗೆ ರೇಗಿದ.

"ಮಾತ್ರೆನಾ? ಹೊಟ್ಟೇಲಿ ಮಗು ಇಟ್ಕೊಂಡು?"

"ಊಟ ಬಿಟ್ಟಿರೋದು ಮಗೂಗೆ ಒಳ್ಳೇದೇನೋ? ಡಾಕ್ಟರಿಗಿಂತ ನಿಂಗೆ ಜಾಸ್ತಿ ಗೊತ್ತಾ?"

"ನಾಳೆ ಇವಳು ಮತ್ತೆ ಟೀಚರ್ ಕೆಲಸಕ್ಕೆ ಹೋಗ್ಬೇಕಲ್ಲಮ್ಮ. ಹುಚ್ಚಾಸ್ಪತ್ರೆಗೆ ಹೋಗಿದ್ಲು ಅಂತ ಗೊತ್ತಾದ್ರೆ ಯಾರು ಮಕ್ಕಳನ್ನ ಕಳಿಸ್ತಾರೆ?"

"ಬಾಯ್ಮುಚ್ಚೋ!" ಎಂದು ಮಲ್ಸುನ್ ಕಿರುಚಿದಳು. ಪಕ್ಕದ ಮನೆಯ ನಾಯಿ ಬೊಗಳಿತು.

"ಅಮ್ಮಾ, ಕಿರುಚ್ಬೇಡ, ಕಾಳು…"

"ಇಷ್ಟು ದಿನ ಪಿಸುಗುಟ್ಟಿದ್ದು ಸಾಕು! ಮೂರು ತಿಂಗಳಿಂದ ನಾವೆಲ್ಲ ಆ ಕಾಳಿಗೆ ಒಳ್ಳೇ ಮಾತು ಆಡಿದ್ದೇ ಆಡಿದ್ದು. ಇವಳನ್ನ ಒಬ್ರಾದ್ರೂ ಕೇಳಿದ್ವಾ?"

ಅನ್ನ ಅಗಿಯುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದಳು, "ಸತ್ತೋಳನ್ನ ಯಾವ ಶಾಲೆಯವ್ರೂ ಕೆಲಸಕ್ಕೆ ಇಟ್ಕೊಳಲ್ಲ ಇಂಜೆ."

 ಇಂಜೆ ಚಮಚ ಕೆಳಗಿಟ್ಟು ಹೆಂಡತಿಯ ಕಡೆ ತಿರುಗಿದ.  "ನೀನು ಹೇಳೋಕೆ ಬಂದಿದ್ದೆ. ನಾನು ಮಲಗ್ಬಿಟ್ಟೆ" ಎಂದ.

"ನಾನು ಮಾತ್ರೆ ತಗೋತೀನಿ" ಎಂದಳು ಬೊರಾಮ್. ಆ ಮೇಜಿನ ಮುಂದೆ ಅವಳು 'ಹೌದು ಅತ್ತೆ' ಎನ್ನದೆ ತಾನಾಗಿ ಹೇಳಿದ ಮೊದಲ ಮಾತು ಅದು. "ಆದ್ರೆ ನೀವೆಲ್ಲ ಬೈದಾಡ್ಕೊಂಡೇ ಇರಿ. ಎಲ್ರೂ ಸುಮ್ನೆ ನಕ್ಕೊಂಡು ಓಡಾಡೋದು ನೋಡಿದ್ರೆ ನಂಗೆ ಉಸಿರುಕಟ್ಟುತ್ತೆ."

ಮರುದಿನ ಬೆಳಿಗ್ಗೆ ಇಂಜೆ ಫ್ರಿಜ್ಜಿನ ಮೇಲಿನ ಹಾಳೆ ಕಿತ್ತು, ಹಿಂದೆ ತಾರೀಕುಗಳಿದ್ದ ಬದಿಗೆ ತಿರುಗಿಸಿ ಅಂಟಿಸಿದ. ಯಾವ ದಿನ ಯಾರು ಬೊರಾಮ್ ಜೊತೆ ಇರಬೇಕೆಂದು ಚೌಕ ಚೌಕದಲ್ಲಿ ಬರೆದ. ಡಿಪೋದಲ್ಲಿ ಕೇಳಿ ಬೆಳಗಿನ ಪಾಳಿಗೆ ಬದಲಾಯಿಸಿಕೊಂಡ. ಅಜ್ಜಿಯ ದಿನಗಳಲ್ಲಿ ಬೊರಾಮ್ ಅಂಗಡಿಯ ಹಿಂದಿನ ಕೋಣೆಗೆ ಹೋಗುತ್ತಿದ್ದಳು. ಅಲ್ಲಿ ಅಡಿಯಿಂದ ಕಾಯಿಸಿದ ನೆಲ ಬೆಚ್ಚಗಿತ್ತು. ಎರಡು ಮೂಟೆ ಬೆಳ್ಳುಳ್ಳಿ ಕಾದಿತ್ತು.

"ಬೆಳ್ಳುಳ್ಳಿ ಸುಲಿದ್ರೆ ಈ ಯೋಚ್ನೆ ಹೋಗುತ್ತಾ ಅಜ್ಜಿ?"

"ಇಲ್ಲ. ಒಬ್ಬಳೇ ಸುಲಿಯೋಕೆ ನಂಗೆ ಬೇಜಾರು."

ಮಾತ್ರೆ ಎಂದರೆ ಮಂತ್ರವಲ್ಲ. ಮೊದಲ ಎರಡು ವಾರ ಹೊಟ್ಟೆ ತೊಳಸಿದ್ದೇ ಬಂತು. ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಬೊರಾಮ್ ಹಾಸಿಗೆಯಿಂದ ಏಳಲೇ ಇಲ್ಲ. ಬಾಗಿಲಲ್ಲಿ ನಿಂತ ಮಲ್ಸುನ್‌ಗೆ ಗೋಡೆಯ ಕಡೆ ಮುಖ ಮಾಡಿಯೇ ಹೇಳಿದಳು, "ಅತ್ತೆ, ಇವತ್ತು ಜೋರಾಗಿ ಬಂದಿದೆ."

ಮಲ್ಸುನ್ ಹೆದರಿದಳು. ಆದರೂ ಅವಳು ಹೇಳಿದಳಲ್ಲ ಎಂಬುದು ಆ ಹೆದರಿಕೆಯ ನಡುವೆಯೂ ಹೊಳೆಯಿತು. ನರ್ಸಿಗೆ ಫೋನ್ ಮಾಡಿದಳು. ಮಧ್ಯಾಹ್ನವೇ ಬನ್ನಿ ಎಂದಳು ನರ್ಸು. ಅಲ್ಲಿಯವರೆಗೆ ಏನು ಮಾತಾಡುವುದು? ಒಳ್ಳೆಯ ಮಾತಿನ ದಾಸ್ತಾನು ಮುಗಿದಿತ್ತು. ಮಲ್ಸುನ್ ಹಾಸಿಗೆಯ ಪಕ್ಕ ಕುಳಿತು ಒಣಮೀನಿನ ಅಂಗಡಿಯವಳನ್ನು ಬೈಯಲು ಶುರುಮಾಡಿದಳು. ಅವಳ ತಕ್ಕಡಿ, ಅವಳ ಗುಂಗುರು ಕೂದಲು, ಅವಳ ಸೊಸೆಯ ಪಿಯಾನೋ, ಒಂದನ್ನೂ ಬಿಡಲಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಹೊದಿಕೆಯೊಳಗಿಂದ ದನಿ ಬಂತು.

"ಆ ಪಿಯಾನೋ ಬಾಡಿಗೇದಂತೆ ಅತ್ತೆ."

"ಏನು? ಯಾರು ಹೇಳಿದ್ರು?"

"ಅಜ್ಜಿ. ಬೆಳ್ಳುಳ್ಳಿ ಸುಲಿಯೋವಾಗ."

"ಇಷ್ಟು ದಿನ ನಂಗೆ ಹೇಳ್ಲಿಲ್ವಲ್ಲ, ಮುದುಕಿ!" ಎಂದು ಮಲ್ಸುನ್ ತೊಡೆ ತಟ್ಟಿಕೊಂಡಳು. ಮಧ್ಯಾಹ್ನ ಡಾಕ್ಟರು ಮಾತ್ರೆಯ ಪ್ರಮಾಣ ಸ್ವಲ್ಪ ಹೆಚ್ಚಿಸಿದರು.

ಜನವರಿ ಮುಗಿಯುವ ಹೊತ್ತಿಗೆ ಬೊರಾಮ್‌ಳ ಬಟ್ಟಲಿನಲ್ಲಿ ಅನ್ನ ಉಳಿಯುವುದು ಕಡಿಮೆಯಾಯಿತು. ಬೆಳಿಗ್ಗೆ ಎದ್ದ ತಕ್ಷಣ ಆ ಯೋಚನೆ ಬರುತ್ತಿತ್ತು, ಆದರೆ ತಿಂಡಿಯ ಹೊತ್ತಿಗೆ ಹೋಗುತ್ತಿತ್ತು. ಕೆಲವು ದಿನ ಬರಲೂ ಇಲ್ಲ. ಬಂದ ದಿನ ಬಂತು ಎನ್ನುತ್ತಿದ್ದಳು. ಒಂದು ದಿನ ಇಂಜೆಯ ಜೊತೆ ತೊಟ್ಟಿಲು ಎಲ್ಲಿಡಬೇಕೆಂದು ಜಗಳವಾಡಿ ಬಾಗಿಲು ಬಡಿದಳು. ಅಡುಗೆಮನೆಯಲ್ಲಿದ್ದ ಮಲ್ಸುನ್‌ಗೆ ಆ ಸದ್ದು ಕೇಳಿ ಎಷ್ಟು ಖುಷಿಯಾಯಿತೆಂದರೆ ಮೂಲಂಗಿಗೆ ಎರಡು ಸಲ ಉಪ್ಪು ಹಾಕಿದಳು.

ಫೆಬ್ರವರಿಯಲ್ಲಿ, ಬೊರಾಮ್‌ಗೆ ದಿನ ತುಂಬುತ್ತಿದ್ದಾಗ, ಮಲ್ಸುನ್‌ಳ ಹುಟ್ಟುಹಬ್ಬ ಬಂತು. ಗಂಡ ಹೋದಾಗಿನಿಂದ ಆಕೆ ತನ್ನ ಸಾರನ್ನು ತಾನೇ ಮಾಡಿಕೊಂಡು ಕುಡಿದು ಅಂಗಡಿಗೆ ಹೋಗುತ್ತಿದ್ದಳು. ಈ ಸಲ ಎದ್ದು ಬಂದರೆ ಒಲೆಯ ಮುಂದೆ ಆ ಹೊಟ್ಟೆ ಹೊತ್ತು ಬೊರಾಮ್ ನಿಂತಿದ್ದಳು. ನಾಲ್ಕೂ ಜನ ಮೇಜಿನ ಸುತ್ತ ಕುಳಿತರು. ಮಲ್ಸುನ್ ಒಂದು ಚಮಚ ಬಾಯಿಗಿಟ್ಟಳು. ಅಗಿದಳು. ಇನ್ನಷ್ಟು ಅಗಿದಳು.

"ಇದೇನೇ ಇದು? ಚಪ್ಪಲಿ ಅಗಿದ ಹಾಗಿದೆ."

 ಬೊರಾಮ್ ಅತ್ತೆಯನ್ನೇ ದಿಟ್ಟಿಸಿದಳು. ಮುಖ ಕೆಂಪಾಯಿತು.

"ಐದು ಗಂಟೆಗೆ ಎದ್ದು ಮಾಡಿದೀನಿ ಅತ್ತೆ! ಚೆನ್ನಾಗಿಲ್ದಿದ್ರೆ ಹೇಗೆ ಮಾಡ್ಬೇಕು ಹೇಳ್ಕೊಡಿ." ಎದ್ದು ಹೋಗಿ ಆ ದಪ್ಪ ನೋಟುಪುಸ್ತಕ ತಂದಳು. ಬರೆಯದೆ ಉಳಿದಿದ್ದ ಹಿಂದಿನ ಹಾಳೆಗಳನ್ನು ತೆರೆದು ಪೆನ್ನು ಹಿಡಿದು ಕುಳಿತಳು. "ಮುಂದಿನ ವರ್ಷ ಕಾಳಿನ ಹುಟ್ಟುಹಬ್ಬಕ್ಕೆ ನಾನೇ ತಾನೇ ಮಾಡ್ಬೇಕು? ಅದಕ್ಕೂ ಚಪ್ಪಲಿ ತಿನ್ನಿಸ್ಲಾ?"

ಅಜ್ಜಿ ಮೆಲ್ಲಗೆ ಬಟ್ಟಲು ಕೆಳಗಿಟ್ಟಳು.  ಮಲ್ಸುನ್ ಇನ್ನೊಂದು ಚಮಚ ಸಾರು ಹೀರಿದಳು.

"ಬರ್ಕೋ. ಒಣಸೊಪ್ಪು ಅರ್ಧ ಗಂಟೆ ನೆನೀಬೇಕು. ನಾಲ್ಕು ನೀರಲ್ಲಿ ಉಜ್ಜಿ ತೊಳೀಬೇಕು."

"ಆಮೇಲೆ?"

"ಈ ವರ್ಷಕ್ಕೆ ಅಷ್ಟೇ. ಹುರಿಯೋದು ಹೇಗೆ ಅಂತ ಬರೋ ವರ್ಷ ಹೇಳ್ತೀನಿ."

"ಏನತ್ತೆ ಇದು! ಉಪ್ಪಿನ ಹದ?"

"ಅದು ಅದರಾಚೆ ವರ್ಷ. ಮೂವತ್ತು ವರ್ಷದ ಕೈ ಕಣೇ ಇದು, ಒಂದೇ ದಿನಕ್ಕೆ ಸುರಿದುಬಿಡ್ಲಾ? ವರ್ಷಕ್ಕೊಂದು ಹೇಳ್ತೀನಿ."

"ಹೀಗಾದ್ರೆ ಒಂದು ಸಾರು ಕಲಿಯೋಕೆ ಇಪ್ಪತ್ತು ವರ್ಷ ಬೇಕು" ಎಂದಳು ಅಜ್ಜಿ.

"ಬೇಕಾಗ್ಲಿ. ನಾನೆಲ್ಲೂ ಹೋಗಲ್ಲ." ಮಲ್ಸುನ್ ಸೊಸೆಯ ಕಡೆ ನೋಡಿದಳು. "ನೀನೂ ಇರು."

 ಒಳಗಿನಿಂದ ಕಾಳು ಒದ್ದಿತೋ ಏನೋ, ಬೊರಾಮ್ ಒಮ್ಮೆ ಪಕ್ಕೆ ಹಿಡಿದುಕೊಂಡಳು. ಆಮೇಲೆ ತನ್ನ ದುಂಡನೆಯ ಅಕ್ಷರದಲ್ಲಿ ಬರೆದಳು: ಮೊದಲನೆಯ ವರ್ಷ, ಅರ್ಧ ಗಂಟೆ ನೆನೆಸಬೇಕು, ನಾಲ್ಕು ನೀರು. ಅದರ ಕೆಳಗೆ ಎರಡನೆಯ ವರ್ಷ ಎಂದು ಬರೆದು, ಮುಂದೆ ಖಾಲಿ ಬಿಟ್ಟು ಪೆನ್ನಿನ ಮುಚ್ಚಳ ಹಾಕಿದಳು.

"ಆಯ್ತು ಅತ್ತೆ. ಈಗ ಆ ಚಪ್ಪಲಿ ಪೂರ್ತಿ ತಿಂದು ಮುಗಿಸಿ" ಎಂದಳು.